ಪಾವಾಯ್‌ನಿಂದ ಬಂದವರು ಕಟ್ಟಿದ ಊರು

ಕೇಳುಗರೇ, ನಮಸ್ಕಾರ.

ಇವತ್ತು ಫಿಲಿಪ್ಪೀನ್ಸ್ ದೇಶದ ಒಂದು ಸಣ್ಣ ಊರಿನ ಬಗ್ಗೆ ಮಾತಾಡುತ್ತೇನೆ. ಹೆಸರು ಸಾನ್ ಆಂಟೋನಿಯೊ. ಲುಜಾನ್ ದ್ವೀಪದ ಪಶ್ಚಿಮ ಕರಾವಳಿಯಲ್ಲಿ, ಜಂಬಾಲೆಸ್ ಪ್ರಾಂತ್ಯದಲ್ಲಿದೆ. ಜನಸಂಖ್ಯೆ 40,000ಕ್ಕಿಂತ ಕಡಿಮೆ. ಪೂರ್ವಕ್ಕೆ ಬೆಟ್ಟದ ಸಾಲು, ಪಶ್ಚಿಮಕ್ಕೆ ಸಮುದ್ರ, ನಡುವೆ ಗದ್ದೆ, ಮಾವಿನ ಮರ, ಮೀನುಗಾರರ ದೋಣಿ. ಅಲ್ಲಿ ಮಳೆ ತರುವುದೂ ನೈಋತ್ಯ ಮಾರುತವೇ. ಜೂನ್‌ನಲ್ಲಿ ಶುರುವಾಗಿ ಅಕ್ಟೋಬರ್‌ವರೆಗೆ ಸುರಿಯುತ್ತದೆ. ಆಮೇಲೆ ಬೇಸಿಗೆ ಮುಗಿಯುವ ತನಕ ಮಳೆಯ ಸುದ್ದಿ ಇಲ್ಲ. ನಮ್ಮ ಕರಾವಳಿಯ ರೈತರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು, ಅಲ್ವಾ?

ಆದರೆ ಈ ಊರನ್ನು ಕಟ್ಟಿದವರು ಅಲ್ಲಿಯವರಲ್ಲ. 19ನೇ ಶತಮಾನದ ಮೊದಲರ್ಧದಲ್ಲಿ ಉತ್ತರದ ಇಲೊಕೊಸ್ ಸೀಮೆಯಿಂದ, ಅದರಲ್ಲೂ ಪಾವಾಯ್ ಎಂಬ ಊರಿನ ಕಡೆಯಿಂದ ಬಂದ ಇಲೊಕಾನೊ ಜನ. ಪಾವಾಯ್ ಹೆಸರನ್ನು ಕೆಲವರು ಕೇಳಿರಬಹುದು. ಅಲ್ಲಿನ ದಪ್ಪ ಆಸರೆಗೋಡೆಗಳ ಹಳೆಯ ಚರ್ಚು 1993ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಅಂಥ ಊರನ್ನು ಬಿಟ್ಟು ಜನ ಯಾಕೆ ಹೊರಟರು?

ಮೊದಲ ಕಾರಣ ಜಾಗ. ಇಲೊಕೊಸ್ ಅಂದರೆ ಬೆಟ್ಟಕ್ಕೂ ಕಡಲಿಗೂ ನಡುವೆ ಸಿಕ್ಕಿಕೊಂಡ ಕಿರಿದಾದ ಪಟ್ಟಿ. ಮಕ್ಕಳು ಹೆಚ್ಚಿದಂತೆ ಒಬ್ಬೊಬ್ಬರ ಪಾಲಿಗೆ ಬರುವ ಹೊಲ ಚಿಕ್ಕದಾಗುತ್ತಾ ಹೋಯಿತು. ಎರಡನೆಯದು ಸ್ಪೇನ್ ಆಡಳಿತದ ಕಾಟ. 1781ರಿಂದ ತಂಬಾಕಿನ ವ್ಯಾಪಾರವೆಲ್ಲ ಸರ್ಕಾರದ ಕೈಗೆ ಹೋಯಿತು. ಕಬ್ಬಿನ ಹಾಲಿನಿಂದ ಮಾಡುವ ಬಾಸಿ ಎಂಬ ಮನೆಯ ಮದ್ಯದ ಮೇಲೂ ಕೈ ಹಾಕಿದರು. 1807ರಲ್ಲಿ ಜನ ದಂಗೆ ಎದ್ದರು. ದಂಗೆಯನ್ನು ರಕ್ತ ಹರಿಸಿ ಅಡಗಿಸಿದರು. ಹೊಟ್ಟೆಗೂ ಮಾನಕ್ಕೂ ಇಕ್ಕಟ್ಟಾದಾಗ ಜನ ದಕ್ಷಿಣಕ್ಕೆ ಮುಖ ಮಾಡಿದರು. ಸಾನ್ ಆಂಟೋನಿಯೊ ಮಾತ್ರವಲ್ಲ, ಪಕ್ಕದ ಸಾನ್ ನಾರ್ಸಿಸೊ, ಸಾನ್ ಫೆಲಿಪೆಗಳೂ ಹೀಗೆಯೇ ಬೆಳೆದ ಊರುಗಳು.

ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ವಲಸೆಯ ಕಥೆ ಹೇಳುವಾಗ "ಖಾಲಿ ಬಿದ್ದ ಭೂಮಿ" ಎಂದು ಬಿಡುವುದು ಸುಲಭ. ಆ ಭೂಮಿ ಖಾಲಿ ಇರಲಿಲ್ಲ. ಕರಾವಳಿಯಲ್ಲಿ ಸಂಬಾಲ್ ಜನ ಇದ್ದರು, ಪ್ರಾಂತ್ಯದ ಹೆಸರೇ ಅವರದ್ದು. ಬೆಟ್ಟದಲ್ಲಿ ಆಯ್ತಾ ಜನ ಇದ್ದರು, ಎಲ್ಲರಿಗಿಂತ ಹಿಂದಿನಿಂದ. ಇಲೊಕಾನೊಗಳು ಬಯಲನ್ನು ಕಡಿದು ಗದ್ದೆ ಮಾಡಿದ್ದು ನಿಜ, ಅವರ ಬೆವರೂ ನಿಜ. ಆದರೆ ಬಯಲು ತುಂಬಿದಂತೆ ಬೆಟ್ಟದವರು ಇನ್ನಷ್ಟು ಮೇಲಕ್ಕೆ ಸರಿದರು. ಎರಡನ್ನೂ ಒಟ್ಟಿಗೆ ನೆನಪಿಡಬೇಕು ಎಂದು ನನಗೆ ಅನ್ನಿಸುತ್ತದೆ.

ಇಲೊಕಾನೊಗಳು ಬರುವಾಗ ಏನು ತಂದರು? ಸಾಮಾನು ಜಾಸ್ತಿ ಇರಲಾರದು. ತಂದದ್ದು ಕೆಲಸ ಮಾಡುವ ಕ್ರಮ. ಇಲೊಕೊಸ್‌ನಲ್ಲಿ ಸಾಂಹೆರಾ ಎಂಬ ನೀರಾವರಿ ಕೂಟಗಳಿವೆ. ರೈತರೇ ಸೇರಿ ಹೊಳೆಗೆ ಬಿದಿರು, ಸೊಪ್ಪು, ಕಲ್ಲಿನ ಒಡ್ಡು ಕಟ್ಟುತ್ತಾರೆ. ಪ್ರವಾಹ ಬಂದಾಗ ಅದು ಕೊಚ್ಚಿಹೋಗುತ್ತದೆ. ಮತ್ತೆ ಕಟ್ಟುತ್ತಾರೆ. ಒಂದು ಮಳೆಗಾಲದಲ್ಲೇ ಎರಡು ಮೂರು ಸಲ ಕಟ್ಟುವುದೂ ಉಂಟು. ಅನೇಕ ಕೂಟಗಳಲ್ಲಿ ಒಬ್ಬ ರೈತನ ಪಾಲನ್ನು ಒಂದೇ ಕಡೆ ಕೊಡುವುದಿಲ್ಲ. ಕಾಲುವೆಯ ತಲೆಯಲ್ಲಿ ಒಂದು ತುಂಡು, ನಡುವೆ ಒಂದು, ಬಾಲದಲ್ಲಿ ಒಂದು. ನೀರು ಕಡಿಮೆಯಾದ ವರ್ಷ ಬಾಲದ ತುಂಡು ಎಲ್ಲರಿಗೂ ಒಣಗುತ್ತದೆ, ತಲೆಯ ತುಂಡು ಎಲ್ಲರಿಗೂ ಉಳಿಯುತ್ತದೆ. ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತಲ್ಲ, ಅವರು ಜನರೇ ನಡೆಸುವ ನೀರಾವರಿಗೆ ಕೊಟ್ಟ ದೊಡ್ಡ ಉದಾಹರಣೆಗಳಲ್ಲಿ ಇದೂ ಒಂದು. ಓದು ಬರಹ ಹೆಚ್ಚಿಲ್ಲದ ರೈತರು ನೂರಾರು ವರ್ಷ ಹಿಂದೆ ಯೋಚಿಸಿದ್ದು ಇದು. ನನಗಂತೂ ಬಹಳ ಗೌರವ ಹುಟ್ಟುತ್ತದೆ.

ಇನ್ನೊಂದು ಅಮ್ಮುಯೊ. ಇವತ್ತು ನಿನ್ನ ಗದ್ದೆಯಲ್ಲಿ ಎಲ್ಲರೂ ನಾಟಿ ಮಾಡುವುದು, ನಾಳೆ ನನ್ನ ಗದ್ದೆಯಲ್ಲಿ. ಕೂಲಿ ಇಲ್ಲ, ಊಟ ಇದೆ. ನಮ್ಮ ಮಲೆನಾಡಿನವರು ಇದನ್ನು ಮುಯ್ಯಾಳು ಎನ್ನುತ್ತಾರೆ.

ಊಟದ ಮಾತು ಬಂತು. ಇಲೊಕಾನೊ ಮನೆಯ ಹಿತ್ತಲಲ್ಲಿ ನುಗ್ಗೆ ಮರ ಇದ್ದೇ ಇರುತ್ತದೆ. ಸೊಪ್ಪು, ಹೂವು, ಕಾಯಿ ಯಾವುದನ್ನೂ ಬಿಡುವುದಿಲ್ಲ. ಹಾಗಲ, ಬದನೆ, ಬೆಂಡೆ, ಅಲಸಂದೆ ಕೋಡು ಎಲ್ಲ ಹಾಕಿ ಪಿನಕ್ಬೆಟ್ ಮಾಡುತ್ತಾರೆ. ರುಚಿಗೆ ಹುಳಿ ಬರಿಸಿದ ಮೀನಿನ ರಸ. ಸೌಟು ಹಾಕಿ ತಿರುವುವುದಿಲ್ಲ. ಮುಚ್ಚಳ ಹಿಡಿದು ಮಡಕೆಯನ್ನೇ ಕುಲುಕುತ್ತಾರೆ, ತರಕಾರಿ ಮುರಿಯಬಾರದು ಅಂತ. ಮನಿಲಾದ ಕಡೆಯವರು ಇಲೊಕಾನೊಗಳನ್ನು ಜಿಪುಣರು ಎಂದು ಆಡಿಕೊಳ್ಳುವುದುಂಟು. ಬರಡು ಪಟ್ಟಿಯಲ್ಲಿ ಬದುಕಿದವರಿಗೆ ಒಂದು ಸೊಪ್ಪಿನ ಬೆಲೆ ಗೊತ್ತಿರುತ್ತದೆ. ಅದನ್ನು ಜಿಪುಣತನ ಅನ್ನಬಾರದು.

ಮಾವಿನ ವಿಷಯಕ್ಕೆ ಬರೋಣ. ಜಂಬಾಲೆಸ್ ಮಾವು ಆ ದೇಶದಲ್ಲೆಲ್ಲ ಹೆಸರುವಾಸಿ. ಹಿಂದೆ ಮರ ಹೂ ಬಿಡಲಿ ಎಂದು ರೈತರು ದಿನಗಟ್ಟಲೆ ಮರದಡಿ ಹೊಗೆ ಹಾಕುತ್ತಿದ್ದರು. ಇಲೊಕೊಸ್‌ನಲ್ಲೇ ಹುಟ್ಟಿದ ವಿಜ್ಞಾನಿ ರಮೋನ್ ಬಾರ್ಬಾ ಇದನ್ನು ಬದಲಿಸಿದರು. ಪೊಟ್ಯಾಸಿಯಂ ನೈಟ್ರೇಟ್ ನೀರಿಗೆ ಬೆರೆಸಿ ಸಿಂಪಡಿಸಿದರೆ ಮಾವು ಹೂ ಬಿಡುತ್ತದೆ ಎಂದು ತೋರಿಸಿದರು. ಈಗ ದೇಶದ ಮಾವಿನ ಕೃಷಿಯೇ ಅದರ ಮೇಲೆ ನಿಂತಿದೆ. 2014ರಲ್ಲಿ ಅವರಿಗೆ ರಾಷ್ಟ್ರೀಯ ವಿಜ್ಞಾನಿ ಗೌರವ ಸಿಕ್ಕಿತು.

ಆಮೇಲೆ ಬಂತು 1991ರ ಜೂನ್ 15. ಹತ್ತಿರದ ಪಿನಟುಬೊ ಬೆಟ್ಟ ಸಿಡಿಯಿತು. 20ನೇ ಶತಮಾನದ ಎರಡನೇ ಅತಿ ದೊಡ್ಡ ಜ್ವಾಲಾಮುಖಿ ಸ್ಫೋಟ. ಅದೇ ದಿನ ಯುನ್ಯಾ ಎಂಬ ಚಂಡಮಾರುತವೂ ಬಂದು ಅಪ್ಪಳಿಸಿತು. ಬೂದಿ ಮಳೆನೀರು ಹೀರಿ ಭಾರವಾಯಿತು. ಚಾವಣಿಗಳು ಕುಸಿದವು. ಆ ದಿನ ಸತ್ತವರಲ್ಲಿ ಹೆಚ್ಚಿನವರು ಸತ್ತದ್ದು ಹೀಗೆ. ಅಷ್ಟಕ್ಕೇ ಮುಗಿಯಲಿಲ್ಲ. ಮುಂದಿನ ಎಷ್ಟೋ ಮಳೆಗಾಲ ಬೆಟ್ಟದ ಬೂದಿ ಕೆಸರಾಗಿ ಸಾಂತೊ ತೊಮಾಸ್ ನದಿಯಲ್ಲಿ ಇಳಿದು ಬಂತು. ಸುತ್ತಲಿನ ಗದ್ದೆಗಳ ಮೇಲೆ ಬೂದುಬಣ್ಣದ ಮರಳು ಕೂತಿತು. ಪಕ್ಕದ ಸಾನ್ ಮಾರ್ಸೆಲಿನೊ ಊರಿನಲ್ಲಿ ಕಣಿವೆಯ ಬಾಯಿ ಮುಚ್ಚಿ ಮಪನುಯೆಪೆ ಎಂಬ ಸರೋವರವೇ ಹುಟ್ಟಿತು. ಹಳ್ಳಿಗಳು ಮುಳುಗಿದವು. ಒಂದು ಚರ್ಚಿನ ಶಿಖರದ ತುದಿ ನೀರಿನ ಮೇಲೆ ಉಳಿಯಿತು. ಬೆಟ್ಟವನ್ನೇ ಮನೆ ಮಾಡಿಕೊಂಡಿದ್ದ ಆಯ್ತಾ ಜನರ ಪಾಡು ಎಲ್ಲರಿಗಿಂತ ಕಷ್ಟದ್ದು. ಸಾವಿರಾರು ಮಂದಿ ಪುನರ್ವಸತಿ ಶಿಬಿರಗಳಲ್ಲಿ ವರ್ಷಗಳನ್ನು ಕಳೆದರು.

ಅದೇ ಬೂದಿ ಸಾನ್ ಆಂಟೋನಿಯೊ ಕಡಲತೀರಕ್ಕೆ ಬೇರೆಯೇ ರೂಪ ಕೊಟ್ಟಿತು. ಅನವಾಂಗಿನ್ ಎಂಬ ಕೊಲ್ಲಿಯಲ್ಲಿ ಬೂದಿಯ ಮರಳಿನ ಮೇಲೆ ಗಾಳಿ ಮರಗಳ ಕಾಡು ಎದ್ದು ನಿಂತಿದೆ. ಕಾರವಾರದ ತೀರದಲ್ಲಿ ನಾವು ನೋಡುವ ಅದೇ ಮರ. ರಜೆ ಬಂದರೆ ಮನಿಲಾದವರು ಡೇರೆ ಹೊತ್ತು ಬರುತ್ತಾರೆ. ಪುಂಡಾಕಿಟ್ ಎಂಬ ಮೀನುಗಾರರ ಕೇರಿಯಿಂದ ದೋಣಿ ಹೊರಡುತ್ತದೆ. ಕಪೋನೆಸ್ ದ್ವೀಪದ ಮೇಲೆ 1890ರಲ್ಲಿ ಹೊತ್ತಿಸಿದ ಹಳೆಯ ದೀಪಸ್ತಂಭವನ್ನೂ ತೋರಿಸುತ್ತಾರೆ. ಮೀನು ಹಿಡಿಯುವ ದೋಣಿಗೆ ಪ್ರವಾಸಿಗರಿಂದ ನಾಲ್ಕು ಕಾಸು ಬರುವುದು ಒಳ್ಳೆಯದೇ. ಭತ್ತ ಬೆಳೆಯುವವರಿಗೆ ಮಾತ್ರ ಕಷ್ಟ. 2019ರಲ್ಲಿ ಅಕ್ಕಿ ಆಮದಿನ ಮಿತಿ ತೆಗೆದ ಮೇಲೆ ದೇಶದಲ್ಲೆಲ್ಲ ಭತ್ತದ ಬೆಲೆ ಕುಸಿಯಿತು. ಬೆಳೆದವನಿಗೆ ಖರ್ಚೇ ಹುಟ್ಟದಿದ್ದರೆ ಗದ್ದೆ ಎಷ್ಟು ದಿನ ಗದ್ದೆಯಾಗಿ ಉಳಿದೀತು?

ನನ್ನನ್ನು ಹೆಚ್ಚು ಕಾಡುವುದು ಭಾಷೆ. ಇಲೊಕಾನೊ ಆ ದೇಶದ ದೊಡ್ಡ ಭಾಷೆಗಳಲ್ಲಿ ಒಂದು, ಲಕ್ಷಗಟ್ಟಲೆ ಜನ ಆಡುತ್ತಾರೆ. ಸಾನ್ ಆಂಟೋನಿಯೊದಲ್ಲಿ ಎರಡು ಶತಮಾನದ ಹತ್ತಿರ ಅದು ಮನೆಮಾತಾಗಿ ಉಳಿದಿದೆ. ಆದರೆ ಪೇಟೆ, ಟೀವಿ, ಶಾಲೆ ಎಲ್ಲ ಮನಿಲಾ ಕಡೆಯ ಭಾಷೆಯಾದ ಟಾಗಲಾಗ್ ಕಡೆಗೆ ಎಳೆಯುತ್ತವೆ. 2012ರಿಂದ ಮಕ್ಕಳಿಗೆ ಮೊದಲ ತರಗತಿಗಳಲ್ಲಿ ಮಾತೃಭಾಷೆಯಲ್ಲೇ ಪಾಠ ಎಂಬ ನೀತಿ ಇತ್ತು. 2024ರಲ್ಲಿ ಬಂದ ಕಾನೂನು ಆ ಕಡ್ಡಾಯವನ್ನು ತೆಗೆದುಹಾಕಿತು. ಇದರ ನೋವನ್ನು ಕನ್ನಡದ ಕೇಳುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಶಾಲೆ ಕೈಬಿಟ್ಟ ಮೇಲೆ ಇಲೊಕಾನೊವನ್ನು ಮಕ್ಕಳ ಬಾಯಲ್ಲಿ ಉಳಿಸುವ ಕೆಲಸ ಅಲ್ಲಿನ ಅಜ್ಜಿಯರ ಪಾಲಿಗೆ ಬಿದ್ದಿದೆ.

ನಮಸ್ಕಾರ.