ಇಗ್ನೈಟರ್‌ಗೆ ಯಾವ ಕೆಪಾಸಿಟರ್ ಹಾಕಬೇಕು?

ಎಲ್ಲರಿಗೂ ನಮಸ್ಕಾರ. ಸಿಂಧನೂರು, ಮಾನ್ವಿ, ಲಿಂಗಸುಗೂರಿನಿಂದೆಲ್ಲ ಟಾಕೀಸಿನ ಆಪರೇಟರ್‌ಗಳು, ರಿಪೇರಿ ಅಂಗಡಿಯವರು ರಾಯಚೂರಿಗೆ ಬಂದು ಸೇರಿದ್ದೀರಿ. ಯುಗಾದಿ ಹತ್ತಿರ ಬಂತು. ಹೊಸ ಸಿನಿಮಾ ಬರುತ್ತವೆ, ಬಿಸಿಲೂ ಏರುತ್ತದೆ. ಪ್ರೊಜೆಕ್ಟರ್ ದೀಪ ಹತ್ತದೆ ಶೋ ನಿಲ್ಲುವುದು ಜಾಸ್ತಿ ಇದೇ ಕಾಲದಲ್ಲಿ ಅಲ್ವಾ? ಹಾಗಾಗಿ ಒಂದೇ ಮಾತು ಹೇಳಲು ಬಂದಿದ್ದೇನೆ. ಬದಲಿ ಭಾಗದ ಮೈಮೇಲಿನ ನಂಬರ್ ಹೊಂದಿದರೆ ಸಾಲದು, ಅದು ಅಲ್ಲಿ ಮಾಡುವ ಕೆಲಸ ನೋಡಿ.

2 ಕಿಲೋವ್ಯಾಟ್‌ನ ಝೆನಾನ್ ದೀಪ ಉರಿಯುವುದು ಬರೀ 25 ವೋಲ್ಟ್ ಆಸುಪಾಸಿನಲ್ಲಿ, 80 ಆಂಪಿಯರ್ ಕರೆಂಟಿನಲ್ಲಿ. ಹತ್ತಿಸುವುದಕ್ಕೆ ಮಾತ್ರ 20,000 ವೋಲ್ಟಿಗೂ ಮೀರಿದ ಏಟು ಬೇಕು. ಆ ಏಟು ಕೊಡುವುದೇ ಇಗ್ನೈಟರ್. ಅದರೊಳಗೆ ವಿದ್ಯುತ್ ಕೂಡಿಡುವ ಕೆಪಾಸಿಟರ್ ತುಂಬುತ್ತದೆ, ಸ್ಪಾರ್ಕ್ ಗ್ಯಾಪ್ ಅನ್ನುವ ಸಂದಿನಲ್ಲಿ ಕಿಡಿ ಹಾರುತ್ತದೆ, ತುಂಬಿದ್ದೆಲ್ಲ ಒಂದೇ ಸಲಕ್ಕೆ ವೋಲ್ಟೇಜ್ ಏರಿಸುವ ಕಾಯಿಲ್‌ಗೆ ನುಗ್ಗುತ್ತದೆ. ಇದು ನಿಮಗೆ ಗೊತ್ತಿರುವುದೇ.

ಒಂದು ತಾಲೂಕು ಕೇಂದ್ರದ ಟಾಕೀಸಿನಲ್ಲಿ ಆ ಕೆಪಾಸಿಟರ್ ಬಿರುಕು ಬಿಟ್ಟಿತು. ಮೆಕ್ಯಾನಿಕ್ ಹೈದರಾಬಾದಿನ ಕೋಠಿಗೆ ಹೋಗಿ ನೀಲಿ ಬಿಲ್ಲೆಯಂಥ ಸೆರಾಮಿಕ್ ಕೆಪಾಸಿಟರ್ ಒಂದನ್ನು ತಂದ. ಕೆಪಾಸಿಟಿ ಹಳೆಯದರಷ್ಟೇ ಪಿಕೋಫ್ಯಾರಡ್, ತಡೆಯುವ ವೋಲ್ಟೇಜೂ ಅಷ್ಟೇ ಕಿಲೋವೋಲ್ಟ್. ಮೀಟರಿಟ್ಟರೆ ಲೆಕ್ಕ ಸರಿ. ಮ್ಯಾಟಿನಿಗೆ ಗುಂಡಿ ಒತ್ತಿದ ತಕ್ಷಣ ದೀಪ ಹತ್ತಿತು, ಎಲ್ಲರೂ ಖುಷಿ. ಫಸ್ಟ್ ಶೋಗೆ ಮೂರ್ನಾಲ್ಕು ಸಲ ಒತ್ತಬೇಕಾಯಿತು. ಸೆಕೆಂಡ್ ಶೋಗೆ ಗ್ಯಾಪಿನಲ್ಲಿ ಚಿಟಿಚಿಟಿ ಅಂತ ಸಣ್ಣ ಸದ್ದು, ಅಷ್ಟೇ. ಒಳಗೆ ಸಿಳ್ಳೆ ಶುರು. ಹೊರಗೆ ಮಿರ್ಚಿ ಬಂಡಿಯವನಿಗೆ ಮಾತ್ರ ಅವತ್ತು ಒಳ್ಳೆಯ ವ್ಯಾಪಾರ! ಕೊನೆಗೆ ಮಾಲೀಕರು ಟಿಕೆಟ್ ದುಡ್ಡು ವಾಪಸ್ ಕೊಟ್ಟರು.

ಮರುದಿನ ಬೆಳಿಗ್ಗೆ ಆ ಬಿಲ್ಲೆ ನನ್ನ ಕೈಗೆ ಬಂತು. ಅದರ ತಂತಿ ಕಾಲಿನ ಬುಡದಲ್ಲಿ ಮೇಲಿನ ಲೇಪ ಕಂದು ಬಣ್ಣಕ್ಕೆ ತಿರುಗಿತ್ತು. ಮೀಟರಿಟ್ಟೆ. ಲೆಕ್ಕ ಮತ್ತೆ ಸರಿ!

ಯಾಕೆ ಹೇಳಿ? ನಮ್ಮ ಮೀಟರ್ ಅಳೆಯುವುದು ಒಂದೆರಡು ವೋಲ್ಟಿನಲ್ಲಿ, ತಣ್ಣಗಿರುವಾಗ. ಕೊಟ್ಟಿಗೆಯಲ್ಲಿ ನಿಂತ ಎತ್ತಿನ ಬಲ ನೋಡಿದ ಹಾಗೆ. ಅಗ್ಗದ ಸೆರಾಮಿಕ್‌ಗೆ ಸಾವಿರಾರು ವೋಲ್ಟ್ ಬಿದ್ದಾಗ, ಜೊತೆಗೆ ಲ್ಯಾಂಪ್‌ಹೌಸಿನ, ಅಂದರೆ ದೀಪದ ಪೆಟ್ಟಿಗೆಯ, ಬಿಸಿ ಸೇರಿದಾಗ, ಅದರ ಕೆಪಾಸಿಟಿ ಕುಸಿಯುತ್ತದೆ. ಪ್ರತಿ ಕಿಡಿಗೂ ಒಳಗೊಳಗೇ ಬಿಸಿಯಾಗುತ್ತದೆ. ಕುಸಿದಷ್ಟೂ ಕಿಡಿಗೆ ಶಕ್ತಿ ಕಡಿಮೆ. ನೋಡಿ, ನಂಬರ್ ಎಲ್ಲೂ ತಪ್ಪಿರಲಿಲ್ಲ.

ಕರೆಂಟಿನ ಲೆಕ್ಕವನ್ನೂ ಹಾಕಿ. 2 ನ್ಯಾನೋಫ್ಯಾರಡ್ (2,000 ಪಿಕೋಫ್ಯಾರಡ್) ಕೆಪಾಸಿಟರ್‌ನಲ್ಲಿ ತುಂಬಿದ 5,000 ವೋಲ್ಟ್ ಮೈಕ್ರೋಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಖಾಲಿಯಾದರೆ 100 ಆಂಪಿಯರ್ ಹರಿಯುತ್ತದೆ. ಪ್ಲಾಸ್ಟಿಕ್ ಹಾಳೆಗೆ ಲೋಹ ಲೇಪಿಸಿದ ಮೆಟಲೈಸ್ಡ್ ಫಿಲ್ಮ್ ಕೆಪಾಸಿಟರ್‌ನಲ್ಲಿ ಲೋಹದ ಪದರ ಬಲು ತೆಳು. ಕಾಲು ಸೇರುವ ಜಾಗವೇ ಮೊದಲು ಸುಡುತ್ತದೆ. ಅದಕ್ಕೇ ಲೋಹದ ಹಾಳೆಯೇ ಇರುವ ಪಾಲಿಪ್ರೊಪಿಲೀನ್ ಫಿಲ್ಮ್-ಫಾಯಿಲ್, ಮೈಕಾ, ಇಲ್ಲವೇ ಪಲ್ಸ್ ಕೆಲಸಕ್ಕೆಂದೇ, ಅಂದರೆ ಇಂಥ ದಿಢೀರ್ ಏಟಿಗೆಂದೇ, ಮಾಡಿದ ಸೆರಾಮಿಕ್ ಕೇಳಿ. ಡೇಟಾಶೀಟಿನಲ್ಲಿ ‘ವೋಲ್ಟ್ ಪರ್ ಮೈಕ್ರೋಸೆಕೆಂಡ್’ ಅನ್ನುವ ಸಾಲು ಹುಡುಕಿ; ವೋಲ್ಟೇಜ್ ಎಷ್ಟು ಬೇಗ ಏರಿಳಿದರೆ ತಾಳುತ್ತದೆ ಅಂತ ಹೇಳುವುದು ಅದೇ. ಆ ಸಾಲೇ ಇಲ್ಲದಿದ್ದರೆ ಆ ಭಾಗ ಇಲ್ಲಿಗಲ್ಲ.

ಸಮಯ ಆಯ್ತು ಅಂತ ಚೀಟಿ ಬಂತು. ಉಳಿದದ್ದು ಬೇಗ ಹೇಳುತ್ತೇನೆ.

ಸ್ಪಾರ್ಕ್ ಗ್ಯಾಪನ್ನು ಸುಮ್ನೆ ಅಗಲ ಮಾಡಬೇಡಿ. ಒಂದು ಮಿಲಿಮೀಟರ್ ಗಾಳಿ ಸುಮಾರು 3,000 ವೋಲ್ಟ್ ತಡೆಯುತ್ತದೆ. ಅಗಲ ಮಾಡಿದರೆ ಕಿಡಿ ಜೋರಾಗಿ ಕಾಣುತ್ತದೆ ನಿಜ, ಆದರೆ ಆ ಹೆಚ್ಚಿನ ವೋಲ್ಟೇಜ್ ಹೊರುವುದು ಅದೇ ಕೆಪಾಸಿಟರ್, ಅದನ್ನು ತುಂಬಿಸುವ ಟ್ರಾನ್ಸ್‌ಫಾರ್ಮರ್. ಸಂದಿನ ಅಗಲ ಅಳೆಯುವ ಫೀಲರ್ ಗೇಜ್ ಇಟ್ಟು, ಮ್ಯಾನ್ಯುಯಲ್‌ನಲ್ಲಿ ಇದ್ದಷ್ಟೇ ಬಿಡಿ.

ರೆಸಿಸ್ಟರ್‌ಗೂ ವೋಲ್ಟೇಜ್ ಮಿತಿ ಇದೆ. ಸಾಮಾನ್ಯ ಕಾಲು ವ್ಯಾಟ್‌ನದು ಹೆಚ್ಚೆಂದರೆ 250 ವೋಲ್ಟ್. ಓಮ್ಸ್ ಸರಿಯಿದೆ ಅಂತ ಒಂದನ್ನೇ ಹಾಕಬೇಡಿ, ಸರಣಿಯಲ್ಲಿ ಹಲವು ಹಾಕಿ.

ಮುಟ್ಟುವ ಮೊದಲು ಕೆಪಾಸಿಟರ್ ಖಾಲಿ ಮಾಡಿ. ಝೆನಾನ್ ದೀಪದೊಳಗೆ ತಣ್ಣಗಿದ್ದಾಗಲೂ ಒತ್ತಡ ಇರುತ್ತದೆ, ಮುಖಕ್ಕೆ ಶೀಲ್ಡ್ ಇಲ್ಲದೆ ಲ್ಯಾಂಪ್‌ಹೌಸ್ ತೆರೆಯಲೇಬೇಡಿ.

ಡಯೋಡ್, ರಿಲೇ ವಿಷಯ ಉಳಿಯಿತು. ಸುಟ್ಟ ಬೋರ್ಡ್ ತಂದವರು ಚಹಾ ಕುಡಿದು ಈ ಮೇಜಿನ ಹತ್ತಿರ ಬನ್ನಿ, ಒಂದೊಂದನ್ನೇ ಬಿಚ್ಚಿ ನೋಡೋಣ.