ಊರು ಬಿಟ್ಟ ಮಟ್ಟುಗಳು

ನಮಸ್ಕಾರ ಕೇಳುಗರೇ.

ಯಾರೂ ಸಾಯದ ಮನೆಯಲ್ಲಿ ಸಾವಿನ ಜಾಗರಣೆ ಮಾಡುವುದನ್ನು ಕೇಳಿದ್ದೀರಾ? ಹತ್ತೊಂಬತ್ತನೇ ಶತಮಾನದ ಐರ್ಲೆಂಡಿನಲ್ಲಿ ಹಾಗೊಂದು ರೂಢಿ ಇತ್ತು. ಮಗನೋ ಮಗಳೋ ಅಮೆರಿಕದ ಹಡಗು ಹತ್ತುವುದಿದ್ದರೆ, ಹೊರಡುವ ಹಿಂದಿನ ರಾತ್ರಿ ನೆರೆಹೊರೆಯವರೆಲ್ಲ ಆ ಮನೆಯಲ್ಲಿ ಸೇರುತ್ತಿದ್ದರು. ಪಿಟೀಲು, ಕುಣಿತ, ಊಟ. ನಡುನಡುವೆ ಹೆಣದ ಮುಂದೆ ಅಳುವ ಹಾಗೆ ಹಾಡಿಕೊಂಡು ಅಳುವುದು. ಅದನ್ನು 'ಅಮೆರಿಕನ್ ವೇಕ್' ಎನ್ನುತ್ತಿದ್ದರು. ವೇಕ್ ಅಂದರೆ ಹೆಣ ಕಾಯುವ ರಾತ್ರಿ. ಹೋದವರು ತಿರುಗಿ ಬರುವುದು ತೀರಾ ಅಪರೂಪ. ಹೆತ್ತವರ ಪಾಲಿಗೆ ಅದೇ ಕೊನೆಯ ನೋಟ ಅಲ್ವಾ?

1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಘೋರ ಕ್ಷಾಮ ಶುರುವಾಯಿತು. ಸುಮಾರು ಹತ್ತು ಲಕ್ಷ ಜನ ಸತ್ತರು. ಇನ್ನೂ ಹತ್ತು ಲಕ್ಷಕ್ಕಿಂತ ಜಾಸ್ತಿ ಜನ ಊರು ಬಿಟ್ಟರು. ಅವರಲ್ಲಿ ಬಹಳ ಜನರ ಗಂಟಿನಲ್ಲಿ ಏನೂ ಇರಲಿಲ್ಲ. ಆದರೆ ಊರಿನ ಮಟ್ಟುಗಳು ಕಿವಿಯಲ್ಲಿದ್ದವು.

ಕಾರ್ಕ್ ಸೀಮೆಯ ಟ್ರಾಲಿಬೇನ್ ಎಂಬಲ್ಲಿ 1848ರಲ್ಲಿ ಹುಟ್ಟಿದವರು ಫ್ರಾನ್ಸಿಸ್ ಓನೀಲ್. ಹದಿಹರೆಯದಲ್ಲೇ ಹಡಗಿನ ಕೆಲಸಕ್ಕೆ ಸೇರಿ ಕಡಲು ಸುತ್ತಿದರು. 1873ರಲ್ಲಿ ಶಿಕಾಗೋ ಪೊಲೀಸ್ ಸೇರಿದರು. ಹೊಸದರಲ್ಲೇ ಕಳ್ಳನೊಬ್ಬ ಹಾರಿಸಿದ ಗುಂಡು ಮೈಗೆ ಹೊಕ್ಕಿತು, ಕೊನೆವರೆಗೂ ಅಲ್ಲೇ ಉಳಿಯಿತು. 1901ರಲ್ಲಿ ಅವರು ಇಡೀ ನಗರದ ಪೊಲೀಸ್ ಮುಖ್ಯಸ್ಥರಾದರು.

ಐರ್ಲೆಂಡಿನ ತೆಂಕಣ ಹಳ್ಳಿಯ ಪಿಟೀಲುಗಾರನೂ ಬಡಗಣದ ಕೊಳಲುಗಾರನೂ ಊರಲ್ಲೇ ಇದ್ದಿದ್ದರೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲವೇನೋ. ಶಿಕಾಗೋದಲ್ಲಿ ಅವರು ಒಂದೇ ಬೀದಿಯ ನೆರೆಯವರು. ಓನೀಲ್ ಅಂಥವರನ್ನು ಹುಡುಕಿಕೊಂಡು ಹೋದರು. ಚೆನ್ನಾಗಿ ನುಡಿಸುವ ಕೆಲವರಿಗೆ ಪೊಲೀಸ್ ಕೆಲಸವನ್ನೂ ಕೊಡಿಸಿದರು. ನನಗೆ ಈ ಮನುಷ್ಯನ ಮೇಲೆ ಪ್ರೀತಿ ಹುಟ್ಟಿದ್ದು ಇಲ್ಲೇ.

ಒಂದು ತೊಡಕಿತ್ತು. ಅವರು ಕೊಳಲು ನುಡಿಸುತ್ತಿದ್ದರು, ನೂರಾರು ಮಟ್ಟು ಬಾಯಿಗೆ ಬರುತ್ತಿದ್ದವು, ಆದರೆ ಸ್ವರ ಬರೆಯಲು ಬರುತ್ತಿರಲಿಲ್ಲ. ಬಡಗಣ ಸೀಮೆಯಿಂದ ಬಂದ ಜೇಮ್ಸ್ ಓನೀಲ್‌ಗೆ ಅದು ಬರುತ್ತಿತ್ತು. ಅಡ್ಡಹೆಸರು ಒಂದೇ, ನೆಂಟಸ್ತನವೇನೂ ಇಲ್ಲ. ಅವರೂ ಪೊಲೀಸರೇ. ಕೆಲಸ ಮುಗಿಸಿ ಇಬ್ಬರೂ ಕೂರುತ್ತಿದ್ದರು. ಫ್ರಾನ್ಸಿಸ್ ಗುನುಗುತ್ತಿದ್ದರು, ಇಲ್ಲವೇ ಕೊಳಲಲ್ಲಿ ನುಡಿಸುತ್ತಿದ್ದರು. ಜೇಮ್ಸ್ ಬರೆದುಕೊಂಡು, ಬರೆದದ್ದನ್ನು ಪಿಟೀಲಿನಲ್ಲಿ ನುಡಿಸಿ ತೋರಿಸುತ್ತಿದ್ದರು. ಅಮ್ಮನ ಬಾಯಲ್ಲಿ ಕೇಳಿ ಕಲಿತ ಹಾಡಿನ ಎಳೆ ಎಲ್ಲಾದರೂ ಸ್ವಲ್ಪ ತಪ್ಪಿದರೆ ಮತ್ತೆ ಮೊದಲಿಂದ.

ಹೀಗೆ ಕೂಡಿಟ್ಟ 1850 ಮಟ್ಟುಗಳು 1903ರಲ್ಲಿ ಅಚ್ಚಾದವು. 1907ರಲ್ಲಿ ಕುಣಿತದ ಮಟ್ಟುಗಳದೇ ಇನ್ನೊಂದು ಪುಸ್ತಕ ಬಂತು. ಅದರಲ್ಲಿ 1001 ಇದ್ದವು. ಮುಂದೆ, ಐರ್ಲೆಂಡಿನ ಸ್ಲೈಗೋದಿಂದ ನ್ಯೂಯಾರ್ಕಿಗೆ ಹೋಗಿದ್ದ ಮೈಕೆಲ್ ಕೋಲ್ಮನ್ 1920ರ ದಶಕದಲ್ಲಿ ನುಡಿಸಿದ ಪಿಟೀಲಿನ ತಟ್ಟೆಗಳೂ ಕಡಲು ದಾಟಿ ಊರು ಸೇರಿದವು. ಗ್ರಾಮಫೋನಿನ ಮುಂದೆ ಕೂತು ಊರಿನ ಹುಡುಗರು ಅವರ ಕೈಚಳಕ ಕಲಿತರು.

ಓನೀಲ್ 1936ರಲ್ಲಿ ಶಿಕಾಗೋದಲ್ಲೇ ತೀರಿಕೊಂಡರು. ಟ್ರಾಲಿಬೇನಿನಲ್ಲಿ ಈಗ ಕೊಳಲು ಹಿಡಿದ ಅವರ ಪ್ರತಿಮೆ ಇದೆ. ಆ 1907ರ ಪುಸ್ತಕಕ್ಕೆ ಉದ್ದನೆಯ ಹೆಸರೊಂದಿದೆ. ಐರ್ಲೆಂಡಿನ ವಾದಕರು ಅದನ್ನು ಸುಮ್ನೆ 'ಪುಸ್ತಕ' ಅಂತಲೇ ಕರೆಯುತ್ತಾ ಬಂದಿದ್ದಾರೆ.