ಇಲ್ಲದ ನೆಲಮಾಳಿಗೆ

ಕೇಳುಗರಿಗೆ ನಮಸ್ಕಾರ.

ಪೋಲೆಂಡಿನಲ್ಲಿ ಕಿಯೆಲ್ತ್ಸೆ ಅಂತ ಒಂದು ಊರು. 1946ರ ಜುಲೈ ತಿಂಗಳಲ್ಲಿ ಅಲ್ಲಿನ ಎಂಟು ವರ್ಷದ ಹುಡುಗನೊಬ್ಬ ಮನೆಯಲ್ಲಿ ಹೇಳದೆ ಹಳ್ಳಿಗೆ ಹೋದ. ಎರಡು ದಿನ ಬಿಟ್ಟು ಬಂದವನು, ತನ್ನನ್ನು ನೆಲಮಾಳಿಗೆಯಲ್ಲಿ ಕೂಡಿಹಾಕಿದ್ದರು ಅಂದ. ಪ್ಲಾಂಟಿ ಬೀದಿಯ 7ನೇ ನಂಬರ್ ಮನೆಯನ್ನು ತೋರಿಸಿದ. ಹಿಟ್ಲರನ ಕೈಯಿಂದ ಹೇಗೋ ಜೀವ ಉಳಿಸಿಕೊಂಡು ಬಂದ ಯಹೂದಿಗಳು ತಂಗಿದ್ದ ಮನೆ ಅದು.

ಪೊಲೀಸರು ಹೋಗಿ ಹುಡುಕಿದರು. ಆ ಮನೆಗೆ ನೆಲಮಾಳಿಗೆಯೇ ಇರಲಿಲ್ಲ.

ಮಾತು ಅಲ್ಲಿಗೇ ಮುಗಿಯಬೇಕಿತ್ತು, ಅಲ್ವಾ? ಆದರೆ ಹೊರಗೆ ಜನ ಸೇರಿದ್ದರು. ಯಹೂದಿಗಳು ಮಕ್ಕಳನ್ನು ಕೊಂದು ರಕ್ತ ತೆಗೆಯುತ್ತಾರಂತೆ ಅನ್ನುವ ಸುದ್ದಿ ಹಬ್ಬಿತ್ತು. ಜುಲೈ 4ರಂದು ಸೈನಿಕರು, ಪೊಲೀಸರು, ಕಾರ್ಖಾನೆಯ ಕೆಲಸಗಾರರು, ಊರಿನ ಜನ ಸೇರಿ 42 ಯಹೂದಿಗಳನ್ನು ಕೊಂದರು. ಸತ್ತವರಲ್ಲಿ ಒಂದು ಹಸುಗೂಸೂ ಇತ್ತು.

ಈ ರಕ್ತದ ಕಥೆಯನ್ನು ಆ ಊರಿನವರು ಹೊಸದಾಗಿ ಕಟ್ಟಿದ್ದಲ್ಲ. ಅದಕ್ಕೆ ಆಗಲೇ 800 ವರ್ಷ ವಯಸ್ಸು. 1144ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಒಬ್ಬ ಹುಡುಗನ ಹೆಣ ಸಿಕ್ಕಿತು. ಯಹೂದಿಗಳೇ ಕೊಂದರು ಎಂದು ಕೆಲವು ವರ್ಷಗಳ ನಂತರ ಒಬ್ಬ ಸನ್ಯಾಸಿ ಬರೆದಿಟ್ಟ. ಅಲ್ಲಿಂದ ಆ ಕಥೆ ಯುರೋಪಿನ ತುಂಬ ನಡೆಯಿತು, ಹೋದಲ್ಲೆಲ್ಲ ಬೆಳೆಯಿತು. ಇದರಲ್ಲಿ ಸತ್ಯವಿಲ್ಲ ಎಂದು 1247ರಲ್ಲಿ ಪೋಪ್ ನಾಲ್ಕನೇ ಇನ್ನೊಸೆಂಟರೇ ಹೇಳಿದರು. ಯಾರು ಕೇಳಿದರು? 1911ರಲ್ಲಿ ಕೀವ್ ನಗರದ ಇಟ್ಟಿಗೆ ಕಾರ್ಖಾನೆಯ ನೌಕರ ಮೆಂಡೆಲ್ ಬೇಲಿಸ್‌ರನ್ನು ಇದೇ ಆರೋಪದ ಮೇಲೆ ಹಿಡಿದರು. ನಿರಪರಾಧಿ ಎಂದು ತೀರ್ಪು ಬರುವ ಹೊತ್ತಿಗೆ ಅವರು ಎರಡು ವರ್ಷ ಜೈಲಿನಲ್ಲಿ ಕಳೆದಿದ್ದರು.

ಯಹೂದಿಗಳ ಅಡುಗೆಮನೆಯ ಕಟ್ಟುಪಾಡು ಗೊತ್ತಾದರೆ ಹೊಟ್ಟೆ ಇನ್ನಷ್ಟು ಉರಿಯುತ್ತದೆ. ಅವರ ಧರ್ಮದಲ್ಲಿ ರಕ್ತ ನಿಷಿದ್ಧ. ಮಾಂಸವನ್ನು ನೀರಿನಲ್ಲಿ ನೆನೆಸಿ, ಉಪ್ಪು ಹಚ್ಚಿ, ರಕ್ತವೆಲ್ಲ ಬಸಿದ ಮೇಲೇ ಬೇಯಿಸುವುದು. ಮೊಟ್ಟೆ ಒಡೆದಾಗ ರಕ್ತದ ಚುಕ್ಕೆ ಕಂಡರೆ ಅದನ್ನೂ ಎಸೆಯುತ್ತಾರೆ. ಪಕ್ಕದ ಮನೆಯವರಿಗೆ ಇದು ಕಾಣುತ್ತಿರಲಿಲ್ಲವೇ? ನನ್ನನ್ನು ಜಾಸ್ತಿ ಕಾಡುವುದು ಈ ಪ್ರಶ್ನೆಯೇ.

ಯುದ್ಧಕ್ಕೆ ಮೊದಲು ಪೋಲೆಂಡಿನಲ್ಲಿ ಸುಮಾರು 33 ಲಕ್ಷ ಯಹೂದಿಗಳಿದ್ದರು. ಸುಮಾರು 30 ಲಕ್ಷ ಜನ ನಾಜಿಗಳ ಕಾಲದಲ್ಲಿ ಸತ್ತರು. ಉಳಿದವರು ತಮ್ಮವರು ಯಾರಾದರೂ ಬದುಕಿದ್ದಾರೇನೋ ಎಂದು ಹುಡುಕಿಕೊಂಡು ಊರಿಗೆ ಬಂದಿದ್ದರು. ಕಿಯೆಲ್ತ್ಸೆಯ ಸುದ್ದಿ ಕೇಳಿದ ಮೇಲೆ, ಕೆಲವೇ ತಿಂಗಳಲ್ಲಿ ಹತ್ತಾರು ಸಾವಿರ ಜನ ದೇಶವನ್ನೇ ಬಿಟ್ಟರು. ಅಲ್ಲೇ ನಿಂತವರಲ್ಲಿ ಎಷ್ಟೋ ಜನ ಹೆಸರು ಬದಲಿಸಿಕೊಂಡರು. ನಾವು ಯಹೂದಿಗಳು ಎಂದು ಹೆತ್ತ ಮಕ್ಕಳಿಗೂ ಹೇಳಲಿಲ್ಲ. ಅಪ್ಪ ಅಮ್ಮನ ಕೊನೆಗಾಲದಲ್ಲಿ, ತಮ್ಮ ತಲೆಯೂ ನರೆತ ಮೇಲೆ, ಆ ಗುಟ್ಟು ತಿಳಿದುಕೊಂಡ ಮಕ್ಕಳಿದ್ದಾರೆ.